ಜೆಆರ್‌ಎಫ್ ಸಿಕ್ಕರೂ ದುಡ್ಡು ಯಾಕೆ ಬಂದಿಲ್ಲ? ಕಲಾ ವಿಭಾಗದ ಪಿಎಚ್.ಡಿ ಫೆಲೋಶಿಪ್, ಅರ್ಜಿಯಿಂದ ಖಾತೆಯವರೆಗೆ

[ತೆರೆಯ ಮೇಲೆ: ಎರಡು ಸರ್ಟಿಫಿಕೇಟು ಅಕ್ಕಪಕ್ಕ. ಒಂದು ಕೆ-ಸೆಟ್, ಇನ್ನೊಂದು ನೆಟ್-ಜೆಆರ್‌ಎಫ್]

ನಮಸ್ಕಾರ. ಕೆ-ಸೆಟ್ ಪಾಸಾದವರು ಪದೇ ಪದೇ ಕೇಳುವ ಪ್ರಶ್ನೆ ಇದು: "ನನಗೆ ಫೆಲೋಶಿಪ್ ಯಾವಾಗ ಶುರುವಾಗುತ್ತೆ?" ಶುರುವಾಗಲ್ಲ. ಕೆ-ಸೆಟ್ ಕೊಡೋದು ಕರ್ನಾಟಕದಲ್ಲಿ ಸಹಾಯಕ ಪ್ರಾಧ್ಯಾಪಕ ಹುದ್ದೆಗೆ ಅರ್ಹತೆ, ಅಷ್ಟೇ. ಸಂಶೋಧನೆಗೆ ತಿಂಗಳು ತಿಂಗಳು ದುಡ್ಡು ಬೇಕು ಅಂದರೆ ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) ರಾಷ್ಟ್ರೀಯ ಅರ್ಹತಾ ಪರೀಕ್ಷೆ, ಅಂದರೆ ನೆಟ್ ಬರೆದು, ಅದರಲ್ಲೂ ಜೆಆರ್‌ಎಫ್ (ಜೂನಿಯರ್ ರಿಸರ್ಚ್ ಫೆಲೋಶಿಪ್) ಕಟ್-ಆಫ್ ದಾಟಬೇಕು. ಕನ್ನಡ, ಇತಿಹಾಸ, ತತ್ವಶಾಸ್ತ್ರ, ಸಮಾಜಶಾಸ್ತ್ರ ಓದಿದವರಿಗೆ ಇರುವ ದೊಡ್ಡ ದಾರಿ ಇದೇ.

ಮೊತ್ತ ಎಷ್ಟು? 2023ರ ಜನವರಿ 1ರಿಂದ ಅನ್ವಯವಾದ ದರದಲ್ಲಿ ಮೊದಲ ಎರಡು ವರ್ಷ ತಿಂಗಳಿಗೆ 37,000 ರೂಪಾಯಿ. ಆಮೇಲೆ ಎಸ್‌ಆರ್‌ಎಫ್ (ಸೀನಿಯರ್ ರಿಸರ್ಚ್ ಫೆಲೋ) ಆದರೆ 42,000. ಒಟ್ಟು ಐದು ವರ್ಷ, ಅಥವಾ ಪ್ರಬಂಧ ಸಲ್ಲಿಸುವವರೆಗೆ, ಯಾವುದು ಮೊದಲೋ ಅದು. ಮಾನವಿಕ ವಿಷಯಗಳಿಗೆ ಕಂಟಿಂಜೆನ್ಸಿ, ಅಂದರೆ ಸಂಶೋಧನೆಯ ಇತರ ಖರ್ಚಿಗೆ ಕೊಡುವ ದುಡ್ಡು, ವರ್ಷಕ್ಕೆ 10,000, ಮೂರನೇ ವರ್ಷದಿಂದ 20,500. ಹಾಸ್ಟೆಲ್ ಸಿಗದಿದ್ದರೆ ಮನೆ ಬಾಡಿಗೆ ಭತ್ಯೆ ಬೇರೆ. ಅದು ಊರಿನ ದರ್ಜೆ ಮೇಲೆ ಹೋಗುತ್ತೆ: ಬೆಂಗಳೂರು ಎಕ್ಸ್, ಮೈಸೂರು, ಹುಬ್ಬಳ್ಳಿ-ಧಾರವಾಡ, ಮಂಗಳೂರು, ಬೆಳಗಾವಿ, ಕಲಬುರಗಿ ವೈ, ಹಂಪಿ, ಶಿವಮೊಗ್ಗದಂಥ ಕಡೆ ಜೆಡ್.

ಪರೀಕ್ಷೆ ವರ್ಷಕ್ಕೆ ಎರಡು ಸಲ, ಜೂನ್ ಮತ್ತು ಡಿಸೆಂಬರ್ ಸುತ್ತು. ಮೂರು ಗಂಟೆ, 150 ಪ್ರಶ್ನೆ, 300 ಅಂಕ. ತಪ್ಪಿಗೆ ಅಂಕ ಕಳೆಯಲ್ಲ, ಹಾಗಾಗಿ ಒಂದನ್ನೂ ಖಾಲಿ ಬಿಡಬೇಡಿ. ಕನ್ನಡ ವಿಷಯದವರು ಎರಡನೇ ಪತ್ರಿಕೆಯನ್ನೇ ನೆಚ್ಚಿಕೊಂಡು ಕೂತು, ಮೊದಲ ಪತ್ರಿಕೆಯಲ್ಲಿ ಜಾರುತ್ತಾರೆ. ಅದು ಇಂಗ್ಲಿಷ್ ಇಲ್ಲವೇ ಹಿಂದಿಯಲ್ಲಿ ಇರುತ್ತೆ, 300ರಲ್ಲಿ 100 ಅಂಕ ಅಲ್ಲೇ ಇದೆ. ಹತ್ತು ಘಟಕ, ಒಂದೊಂದಕ್ಕೆ ಐದು ಪ್ರಶ್ನೆ. ತರ್ಕದ ಘಟಕದಲ್ಲಿ ಭಾರತೀಯ ತರ್ಕಶಾಸ್ತ್ರವೂ ಸೇರಿದೆ: ಪ್ರತ್ಯಕ್ಷ, ಅನುಮಾನ, ಉಪಮಾನ, ಶಬ್ದ, ಅರ್ಥಾಪತ್ತಿ, ಅನುಪಲಬ್ಧಿ, ವ್ಯಾಪ್ತಿ, ಹೇತ್ವಾಭಾಸ. ಕಾವ್ಯಮೀಮಾಂಸೆ ಓದಿದವರಿಗೆ ಈ ಪದಗಳು ಮನೆಮಾತು, ಒಂದು ಸಂಜೆಯ ಓದು ಸಾಕು. ಇದನ್ನ ಬಿಟ್ಟು ಗಣಿತದ ಸರಣಿಗಳ ಜೊತೆ ಗುದ್ದಾಡೋದು ಯಾಕೋ ಗೊತ್ತಿಲ್ಲ.

[ಕ್ಲೋಸಪ್: ನಾಡಕಚೇರಿಯಿಂದ ಪಡೆದ ಎರಡು ಪ್ರಮಾಣಪತ್ರ]

ಈಗ ಅಂಕಕ್ಕಿಂತ ಹೆಚ್ಚು ಜನರನ್ನ ಮುಳುಗಿಸುವ ಕಾಗದಕ್ಕೆ ಬರೋಣ. ಎಡಗಡೆ ಇರೋದು ರಾಜ್ಯದ ಜಾತಿ-ಆದಾಯ ಪ್ರಮಾಣಪತ್ರ: ಪ್ರವರ್ಗ-1, 2ಎ, 3ಬಿ ಅಂತ ಬರೆದಿರುತ್ತೆ. ನೆಟ್‌ಗೆ ಇದು ನಡೆಯಲ್ಲ. ಬೇಕಿರೋದು ಬಲಗಡೆಯದು, ಕೇಂದ್ರದ ನಮೂನೆಯ ಒಬಿಸಿ-ಎನ್‌ಸಿಎಲ್, ಅಂದರೆ ಕೆನೆಪದರಕ್ಕೆ ಸೇರದ ಹಿಂದುಳಿದ ವರ್ಗದ ಪ್ರಮಾಣಪತ್ರ. ರಾಜ್ಯದ ಪಟ್ಟಿಯಲ್ಲಿರುವ ಜಾತಿ ಕೇಂದ್ರದ ಪಟ್ಟಿಯಲ್ಲೂ ಇರುತ್ತೆ ಅಂತೇನಿಲ್ಲ. ಅರ್ಜಿ ಹಾಕೋ ಮೊದಲು ಉಪಜಾತಿಯ ಹೆಸರು ಅಕ್ಷರಶಃ ಹೊಂದುತ್ತಾ ನೋಡಿ. ಇದು ತಪ್ಪಿದರೆ ಒಟ್ಟಿಗೆ ಮೂರು ಪೆಟ್ಟು. ಜೆಆರ್‌ಎಫ್‌ಗೆ ವಯಸ್ಸಿನ ಮಿತಿ 30. ಒಬಿಸಿಗೆ ಸಿಗುವ ಐದು ವರ್ಷದ ಸಡಿಲಿಕೆ ಹೋಯಿತು. ಎಂ.ಎ.ಯಲ್ಲಿ ಶೇ. 50 ಸಾಕಿದ್ದದ್ದು ಶೇ. 55 ಆಯಿತು. ಕಟ್-ಆಫ್ ಕೂಡ ಬೇರೆಯಾಯಿತು. ಇಡಬ್ಲ್ಯುಎಸ್, ಅಂದರೆ ಆರ್ಥಿಕವಾಗಿ ದುರ್ಬಲ ವರ್ಗದವರಿಗೆ ವಯಸ್ಸಿನ ಸಡಿಲಿಕೆಯೂ ಇಲ್ಲ, ಶೇ. 55ರ ರಿಯಾಯಿತಿಯೂ ಇಲ್ಲ. ಮಹಿಳೆಯರಿಗೆ ಯಾವ ವರ್ಗವಾದರೂ ಐದು ವರ್ಷ ಸಡಿಲಿಕೆ ಇದೆ.

ಪರಿಶಿಷ್ಟ ಜಾತಿ ಮತ್ತು ಒಬಿಸಿ ಅಭ್ಯರ್ಥಿಗಳು ಇನ್ನೊಂದು ಗಮನಿಸಿ. ಅವರಿಗೆಂದೇ ಇರುವ ರಾಷ್ಟ್ರೀಯ ಫೆಲೋಶಿಪ್‌ಗಳ ಆಯ್ಕೆಯೂ ನೆಟ್ ಮೂಲಕವೇ, ನೆಟ್ ಅರ್ಜಿಯಲ್ಲೇ ಅದನ್ನ ತುಂಬಬೇಕು. ಪರಿಶಿಷ್ಟ ಪಂಗಡದವರದು ಹಾಗಲ್ಲ: ಬುಡಕಟ್ಟು ವ್ಯವಹಾರಗಳ ಸಚಿವಾಲಯದ ಬೇರೆ ಪೋರ್ಟಲ್, ನೆಟ್ ಬೇಕಿಲ್ಲ, ಪಿಎಚ್.ಡಿ ಪ್ರವೇಶ ಆಗಿರಬೇಕು. ಅಲ್ಪಸಂಖ್ಯಾತರಿಗಿದ್ದ ಮೌಲಾನಾ ಆಜಾದ್ ಫೆಲೋಶಿಪ್ 2022-23ರಿಂದ ನಿಂತಿದೆ, ಹಳೆಯ ವಿಡಿಯೋ ನೋಡಿ ಹುಡುಕುತ್ತಾ ಕೂರಬೇಡಿ. ಕೆ-ಸ್ಟೆಪ್ಸ್ (ಕರ್ನಾಟಕ ವಿಜ್ಞಾನ ಮತ್ತು ತಂತ್ರಜ್ಞಾನ ಪ್ರೋತ್ಸಾಹಕ ಸಂಸ್ಥೆ) ಕೊಡುವ ಪಿಎಚ್.ಡಿ ಫೆಲೋಶಿಪ್ ವಿಜ್ಞಾನ-ತಂತ್ರಜ್ಞಾನದವರಿಗೆ.

ಜೆಆರ್‌ಎಫ್ ಅವಾರ್ಡ್ ಲೆಟರ್ ಬಂತು ಅಂತಿಟ್ಟುಕೊಳ್ಳಿ. ಅದರ ಆಯುಸ್ಸು ಮೂರು ವರ್ಷ. ಅಷ್ಟರೊಳಗೆ ಪಿಎಚ್.ಡಿಗೆ ಸೇರಬೇಕು. ಮೂರು ವರ್ಷ ಧಾರಾಳ ಅನ್ನಿಸುತ್ತೆ, ಆದರೆ ಸೀಟು ಇರೋದು ಮಾರ್ಗದರ್ಶಕರ ಕೈಯಲ್ಲಿ. 2022ರ ಯುಜಿಸಿ ನಿಯಮದಂತೆ ಪ್ರಾಧ್ಯಾಪಕರು ಒಂದು ಹೊತ್ತಿಗೆ 8, ಸಹ ಪ್ರಾಧ್ಯಾಪಕರು 6, ಸಹಾಯಕ ಪ್ರಾಧ್ಯಾಪಕರು 4 ಪಿಎಚ್.ಡಿ ವಿದ್ಯಾರ್ಥಿಗಳನ್ನಷ್ಟೇ ಇಟ್ಟುಕೊಳ್ಳಬಹುದು. ವಿಭಾಗದಲ್ಲಿ ಇಬ್ಬರೇ ಕಾಯಂ ಅಧ್ಯಾಪಕರಿದ್ದು ಇಬ್ಬರದೂ ಭರ್ತಿಯಾಗಿದ್ದರೆ ಆ ವರ್ಷ ನಿಮ್ಮ ವಿಷಯಕ್ಕೆ ಸೀಟು ಸೊನ್ನೆ. ಅಧಿಸೂಚನೆ ಬರಲಿ ಅಂತ ಕಾಯದೆ, ಯಾರ ಬಳಿ ಯಾವಾಗ ಜಾಗ ಖಾಲಿಯಾಗುತ್ತೆ ಅಂತ ಮೊದಲೇ ವಿಭಾಗಕ್ಕೆ ಹೋಗಿ ವಿಚಾರಿಸಿ.

[ತೆರೆಯ ಮೇಲೆ: "ಜೆಆರ್‌ಎಫ್ ಇಲ್ಲದಿದ್ದರೆ?"]

ಆಗ ನಿಮ್ಮ ಸಂಶೋಧನಾ ಯೋಜನೆಯ ಸಾರಾಂಶ, ಅಂದರೆ ಸಿನಾಪ್ಸಿಸ್, ಬರೆದು ಗೆಲ್ಲಬೇಕು. ಸಮಾಜ ವಿಜ್ಞಾನದವರಿಗೆ ಐಸಿಎಸ್‌ಎಸ್‌ಆರ್ (ಭಾರತೀಯ ಸಮಾಜ ವಿಜ್ಞಾನ ಸಂಶೋಧನಾ ಮಂಡಳಿ) ಡಾಕ್ಟೋರಲ್ ಫೆಲೋಶಿಪ್ ಇದೆ: ತಿಂಗಳಿಗೆ 20,000, ವರ್ಷಕ್ಕೆ 20,000 ಕಂಟಿಂಜೆನ್ಸಿ, ಎರಡು ವರ್ಷ. ಪಿಎಚ್.ಡಿ ನೋಂದಣಿ ಖಾಯಂ ಆದ ಮೇಲೆ ಅರ್ಜಿ. ಇಂಥದೇ ಮಂಡಳಿಗಳು ಇತಿಹಾಸದವರಿಗೆ ಐಸಿಎಚ್‌ಆರ್, ತತ್ವಶಾಸ್ತ್ರಕ್ಕೆ ಐಸಿಪಿಆರ್.

ನಮ್ಮಲ್ಲಿ ಸಾರಾಂಶ ಸೋಲೋದು ಶೀರ್ಷಿಕೆಯಲ್ಲೇ.

[ತೆರೆಯ ಮೇಲೆ: "ಮುಂಬಯಿ ಕರ್ನಾಟಕದ ಕನ್ನಡ ಶಾಲೆಗಳು: ಒಂದು ಅಧ್ಯಯನ"]

"ಒಂದು ಅಧ್ಯಯನ" ಅನ್ನೋ ಬಾಲ ಕತ್ತರಿಸಿ. ಅದು ಇದ್ದ ಕಡೆ ಪ್ರಶ್ನೆ ಇರಲ್ಲ. ಇದೇ ವಿಷಯವನ್ನ ಹೀಗೆ ಮಾಡಿ ನೋಡಿ.

[ತೆರೆಯ ಮೇಲೆ: "ಧಾರವಾಡ ಜಿಲ್ಲೆಯ ಹೆಣ್ಣುಮಕ್ಕಳ ಕನ್ನಡ ಶಾಲೆಗಳು, 1865–1920: ಶಿಕ್ಷಕಿಯರು ಎಲ್ಲಿಂದ ಬಂದರು?"]

ಜಿಲ್ಲೆ ಬಂತು, ಕಾಲ ಬಂತು, ಪ್ರಶ್ನೆ ಬಂತು. ಪ್ರಶ್ನೆ ಬಂದ ಕೂಡಲೇ ಆಕರ ತಾನಾಗಿ ಹೊಳೆಯುತ್ತೆ: ಮುಂಬಯಿ ಪ್ರಾಂತ್ಯದ ಸಾರ್ವಜನಿಕ ಶಿಕ್ಷಣ ನಿರ್ದೇಶಕರ ವಾರ್ಷಿಕ ವರದಿಗಳು. ಆಗಿನ ಧಾರವಾಡ ಮುಂಬಯಿ ಆಡಳಿತದಲ್ಲಿತ್ತು, ಹಾಗಾಗಿ ಸರ್ಕಾರಿ ಕಡತಗಳನ್ನ ಹುಡುಕಬೇಕಾದ್ದು ಮುಂಬಯಿಯ ಮಹಾರಾಷ್ಟ್ರ ರಾಜ್ಯ ಪತ್ರಾಗಾರದಲ್ಲಿ. ಬೆಂಗಳೂರಿನ ಪತ್ರಾಗಾರವೊಂದನ್ನೇ ನಂಬಿದರೆ ಆಗದು. ಬಜೆಟ್‌ನಲ್ಲಿ ಮುಂಬಯಿ ಪ್ರಯಾಣವೇ ಇಲ್ಲದ ಧಾರವಾಡದ ಸಾರಾಂಶ ಬಂದರೆ, ಈ ಅಭ್ಯರ್ಥಿ ಆಕರ ನೋಡಿಲ್ಲ ಅಂತ ಬಲ್ಲವರಿಗೆ ತಕ್ಷಣ ಗೊತ್ತಾಗುತ್ತೆ. "ಪ್ರಾಥಮಿಕ ಹಾಗೂ ದ್ವಿತೀಯಕ ಆಕರಗಳನ್ನು ಬಳಸಲಾಗುವುದು" ಅನ್ನೋ ಸಾಲು ಎಲ್ಲರ ಅರ್ಜಿಯಲ್ಲೂ ಇರುತ್ತೆ. ಅದರ ಜಾಗದಲ್ಲಿ ಮೂರು ಕಡತ ಸರಣಿಯ ಹೆಸರು, ಅವು ಇರುವ ಕಟ್ಟಡ, ಅಲ್ಲಿ ಎಷ್ಟು ವಾರ ಕೂರುತ್ತೀರಿ ಅಂತ ಬರೆಯಿರಿ. ಮರಾಠಿ ಓದಲು ಬರುತ್ತಾ, ಹಳೆಯ ಮರಾಠಿ ಕಡತಗಳ ಮೋಡಿ ಲಿಪಿ ಬೇಕಾಗುತ್ತಾ, ಅದನ್ನೂ ಹೇಳಿ.

ಹಿಂದಿನ ಸಂಶೋಧನೆಯ ಭಾಗದಲ್ಲಿ ನಲವತ್ತು ಪುಸ್ತಕದ ಪಟ್ಟಿ ಬೇಡ. ಆರು ಸಾಕು, ಒಂದೊಂದೂ ಎಲ್ಲಿಗೆ ನಿಂತಿತು, ನೀವು ಎಲ್ಲಿಂದ ಎತ್ತಿಕೊಳ್ಳುತ್ತೀರಿ ಅಂತ ಎರಡೆರಡು ವಾಕ್ಯ. ಕನ್ನಡದಲ್ಲಿ ಪ್ರಬಂಧ ಬರೆಯುವವರು ಸಾರಾಂಶದ ಇಂಗ್ಲಿಷ್ ರೂಪವನ್ನ ಅನುವಾದದ ಆ್ಯಪ್‌ಗೆ ಬಿಡಬೇಡಿ. "ದತ್ತಿ ಶಾಸನ" ಏನೇನೋ ಆಗಿ ಹೊರಬರುತ್ತೆ. ಇನ್ನು ಸಹಿ: ಮಾರ್ಗದರ್ಶಕರು, ವಿಭಾಗದ ಮುಖ್ಯಸ್ಥರು, ಕುಲಸಚಿವರು. ಕೊನೆಯ ಸಹಿಗೆ ಹತ್ತು ದಿನ ಇಟ್ಟುಕೊಳ್ಳಿ.

[ತೆರೆಯ ಮೇಲೆ: ಕೆನರಾ ಬ್ಯಾಂಕ್ ಪೋರ್ಟಲ್, ಮೇಕರ್ – ಚೆಕರ್]

ಮತ್ತೆ ಜೆಆರ್‌ಎಫ್‌ಗೆ ಬರೋಣ, ಶೀರ್ಷಿಕೆಯ ಪ್ರಶ್ನೆಗೆ ಉತ್ತರ ಇಲ್ಲಿದೆ. ಸೇರಿದ ವರದಿ, ಅವಾರ್ಡ್ ಲೆಟರ್, ಆಧಾರ್ ಜೋಡಿಸಿದ ಖಾತೆ, ಬಾಡಿಗೆ ಭತ್ಯೆಯ ಪ್ರಮಾಣಪತ್ರ, ಎಲ್ಲ ಕೊಟ್ಟ ಮೇಲೆ ವಿಶ್ವವಿದ್ಯಾಲಯ ಕೆನರಾ ಬ್ಯಾಂಕಿನ ಪೋರ್ಟಲ್‌ನಲ್ಲಿ ನಿಮ್ಮ ಹೆಸರು ಸೇರಿಸಬೇಕು. ಆಮೇಲೆ ಪ್ರತಿ ತಿಂಗಳೂ ಒಬ್ಬರು ನಮೂದಿಸಿ, ಇನ್ನೊಬ್ಬರು ಪರಿಶೀಲಿಸಿ ಖಾತ್ರಿಪಡಿಸಬೇಕು. ಇವರಿಗೇ ಮೇಕರ್, ಚೆಕರ್ ಅನ್ನೋದು. ಇಬ್ಬರಲ್ಲಿ ಒಬ್ಬರು ರಜೆ ಹಾಕಿದರೆ ಆ ತಿಂಗಳು ನಿಂತಿತು. ಎಷ್ಟೋ ಸಲ ಯುಜಿಸಿಗೆ ಮೇಲ್ ಬರೆದು ಕಾಯುವವರ ಕಡತ ತಮ್ಮದೇ ಆಡಳಿತ ಕಟ್ಟಡದಲ್ಲಿ ಬಿದ್ದಿರುತ್ತೆ. ತಿಂಗಳ ಮೊದಲ ವಾರ ಹಾಜರಾತಿ ಕೊಟ್ಟು, ಎರಡನೇ ವಾರ ಪೋರ್ಟಲ್‌ನಲ್ಲಿ ಹತ್ತಿತಾ ಅಂತ ಕೇಳಿ. ಮೊದಲ ಕಂತು ತಿಂಗಳುಗಟ್ಟಲೆ ತಡವಾಗೋದು ಸಾಮಾನ್ಯ. ಬಾಕಿ ಆಮೇಲೆ ಬರುತ್ತೆ, ಆದರೆ ಅಲ್ಲಿಯವರೆಗಿನ ಮೆಸ್ ಬಿಲ್ಲಿಗೆ ದಾರಿ ಮಾಡಿಕೊಂಡಿರಿ.

ಎರಡು ವರ್ಷ ತುಂಬಿದಾಗ 42,000 ತಾನಾಗಿ ಬರಲ್ಲ. ಹೊರಗಿನ ತಜ್ಞರೊಬ್ಬರು ಇರುವ ಸಮಿತಿ ನಿಮ್ಮ ಕೆಲಸ ನೋಡಿ ಶಿಫಾರಸು ಮಾಡಬೇಕು. ಆ ತಜ್ಞರ ದಿನಾಂಕ ಸಿಗೋದೇ ಕಷ್ಟ, ಹಾಗಾಗಿ ಇಪ್ಪತ್ತೆರಡನೇ ತಿಂಗಳಲ್ಲೇ ಮಾರ್ಗದರ್ಶಕರ ಮೂಲಕ ಪತ್ರ ಹಾಕಿಸಿ.