ರಾಗದ ಹೊತ್ತು, ಊರಿನ ಹೊತ್ತು

ಮಾನ್ಯರೇ,

ಧಾರವಾಡ ಬಿಟ್ಟು ಮುಂಬೈ ಸೇರಿದ ಮೇಲೆ ಹಲವು ವರ್ಷ ಸಂಸಾರ, ನೌಕರಿಗಳ ನಡುವೆ ಈ ಊರು ನನಗೆ ಅಷ್ಟಾಗಿ ನೆನಪಾಗಲಿಲ್ಲ. ಒಂದು ಮಳೆಗಾಲದ ಮಧ್ಯಾಹ್ನ ಮಲ್ಲಿಕಾರ್ಜುನ ಮನ್ಸೂರರ ಗೌಡ ಮಲ್ಹಾರ ರಾಗದ ಧ್ವನಿಮುದ್ರಿಕೆ ಕೇಳುತ್ತಿದ್ದಾಗ, ಸಾಧನಕೇರಿಯ ನಮ್ಮ ಬಾಡಿಗೆ ಮನೆಯ ಹೆಂಚಿನ ಮೇಲಿನ ಜಿಟಿಜಿಟಿ ಮಳೆ, ಬಾಗಿಲ ಮುಂದಿನ ಕೆಮ್ಮಣ್ಣಿನ ರಾಡಿ, "ಕಾಲ ತೊಳಕೊಂಡು ಒಳಗ ಬಾರವ್ವಾ" ಎನ್ನುತ್ತಿದ್ದ ನಮ್ಮವ್ವನ ದನಿ ಒಟ್ಟಿಗೇ ಬಂದು ನಿಂತವು. ಆ ಮುದ್ರಿಕೆಯನ್ನು ನಾನು ಧಾರವಾಡದಲ್ಲಿ ಎಂದೂ ಕೇಳಿರಲಿಲ್ಲ. ಇಲ್ಲಿ ಕೇಳದ ಹಾಡು ಈ ಊರನ್ನು ಹೇಗೆ ಕರೆತಂದಿತು ಎಂಬುದೇ ಇಂದಿನ ನನ್ನ ಮಾತಿನ ವಿಷಯ.

ಊರಿನ ಹಂಬಲವನ್ನು ವೈದ್ಯರು ಒಂದು ಕಾಲಕ್ಕೆ ರೋಗವೆಂದೇ ಎಣಿಸಿದ್ದರು. 1688ರಲ್ಲಿ ಬಾಸೆಲ್‌ನ ವೈದ್ಯ ವಿದ್ಯಾರ್ಥಿ ಯೋಹಾನೆಸ್ ಹೋಫರ್, ಮರಳುವಿಕೆ ಮತ್ತು ನೋವು ಎಂಬರ್ಥದ ಎರಡು ಗ್ರೀಕ್ ಪದಗಳನ್ನು ಕೂಡಿಸಿ ಅದನ್ನು 'ನಾಸ್ಟಾಲ್ಜಿಯಾ' ಎಂದು ಕರೆದನು. ಪರದೇಶದಲ್ಲಿದ್ದ ಸ್ವಿಸ್ ಸೈನಿಕರು ತಮ್ಮ ನಾಡಿನ ದನಗಾಹಿಗಳ ಹಾಡು ಕೇಳಿ ಕಂಗೆಡುತ್ತಿದ್ದರೆಂಬುದನ್ನು ಚರ್ಚಿಸುತ್ತ ಚಿಂತಕ ರೂಸೋ, ಅಲ್ಲಿ ಕೆಲಸ ಮಾಡುವುದು ಸಂಗೀತವಲ್ಲ, ಅದು ನೆನಪಿನ ಗುರುತು ಮಾತ್ರ ಎಂದನು. ಸಿನಿಮಾ ಹಾಡಿನ ಮಟ್ಟಿಗೆ ಇದು ಸರಿ. ಆ ಹಾಡು ಮೊದಲು ಕೇಳಿದ ವರ್ಷಕ್ಕೆ ನಮ್ಮನ್ನು ಒಯ್ಯುತ್ತದೆ. ರಾಗ ನಮ್ಮನ್ನು ಒಯ್ಯುವುದು ಒಂದು ಹೊತ್ತಿಗೆ. ತೋಡಿಗೆ ಬೆಳಗು, ಮಾರವಾಕ್ಕೆ ಹೊತ್ತು ಮುಳುಗುವ ವೇಳೆ, ದರಬಾರಿಗೆ ನಡುರಾತ್ರಿ, ಮಲ್ಹಾರಗಳಿಗೆ ಮಳೆಗಾಲ ಎಂಬ ಕಟ್ಟು ನಾನು ಹುಟ್ಟುವ ಎಷ್ಟೋ ಮೊದಲೇ ಇತ್ತು.

ಧಾರವಾಡದಲ್ಲಿ 1950ರಲ್ಲಿ ಆಕಾಶವಾಣಿ ಆರಂಭವಾದ ಮೇಲೆ, ಮೈಫಿಲುಗಳಿಗೆ ಎಂದೂ ಹೋಗದವರ ಅಡುಗೆಮನೆಗೂ ಈ ಕಟ್ಟು ಬಂದಿತು. ನಮ್ಮವ್ವನಿಗೆ ರಾಗಗಳ ಹೆಸರು ತಿಳಿಯುತ್ತಿರಲಿಲ್ಲ. ಆದರೂ ಒಲೆಯ ಮುಂದೆ ಕುಳಿತು ರೊಟ್ಟಿ ಬಡಿಯುತ್ತ "ಇದು ಮುಂಜಾನಿ ಹಾಡು" ಎಂದು ತಪ್ಪಿಲ್ಲದೆ ಗುರುತಿಸುತ್ತಿದ್ದಳು. ಹೀಗೆ ನನ್ನೊಳಗೆ ಪ್ರತಿ ರಾಗದ ಹೊತ್ತೂ ಧಾರವಾಡದ ಹೊತ್ತೇ ಆಗಿ ಉಳಿಯಿತು. ಗಂಗೂಬಾಯಿ ಹಾನಗಲ್ಲರು ಸವಾಯಿ ಗಂಧರ್ವರಲ್ಲಿ ಕಲಿಯಲು ಹುಬ್ಬಳ್ಳಿಯಿಂದ ಕುಂದಗೋಳಕ್ಕೆ ರೈಲಿನಲ್ಲಿ ಹೋಗಿಬರುತ್ತಿದ್ದುದನ್ನು ನೀವೆಲ್ಲ ಬಲ್ಲಿರಿ. ಅವರ ಆ ಗಂಭೀರ ದನಿಯಲ್ಲಿ ಸಂಜೆಯ ರಾಗವೊಂದನ್ನು ಕೇಳಿದರೆ ಸಾಕು, ಮುಂಬೈಯ ಹತ್ತನೆಯ ಅಂತಸ್ತಿನಲ್ಲಿದ್ದರೂ ಆ ದಾರಿಯ ಎರೆಹೊಲಗಳ ಮೇಲೆ ಬೆಳಕು ಇಳಿಯುವುದು ನನಗೆ ಕಾಣುತ್ತದೆ.

ನೀನು ಹಂಬಲಿಸುವುದು ಊರಿಗಲ್ಲ, ಕಳೆದ ಹರೆಯಕ್ಕೆ ಎಂದು ನನ್ನ ಆಪ್ತರು ಹೇಳುವುದುಂಟು. ಇದನ್ನು ನಾನು ಒಪ್ಪಲಾರೆ. ಹರೆಯದ ಹಂಬಲವಾಗಿದ್ದರೆ ಇಲ್ಲಿಗೆ ಬಂದಾಗ ಅದು ಇನ್ನಷ್ಟು ನೋಯಿಸಬೇಕಿತ್ತು. ನಿನ್ನೆ ಸಂಜೆ ಸಾಧನಕೇರಿಗೆ ಹೋಗಿದ್ದೆ. ನಮ್ಮ ಹೆಂಚಿನ ಮನೆ ಇದ್ದ ಜಾಗದಲ್ಲಿ ಈಗ ನಾಲ್ಕಂತಸ್ತಿನ ಕಟ್ಟಡವಿದೆ, ಗುರುತಿನ ಮುಖ ಒಂದೂ ಕಾಣಲಿಲ್ಲ. ಪಕ್ಕದ ಓಣಿಯ ಮನೆಯೊಂದರಲ್ಲಿ ಮಕ್ಕಳಿಗೆ ಸಂಜೆಯ ರಾಗ ಭೂಪಾಲಿಯ ಪಾಠ ನಡೆದಿತ್ತು. ಒಬ್ಬ ಹುಡುಗಿ ಮತ್ತೆ ಮತ್ತೆ ಗಾಂಧಾರ ಸ್ವರದಲ್ಲಿ ತಪ್ಪುತ್ತಿದ್ದಳು, ಹಾರ್ಮೋನಿಯಂ ಬೇಸರವಿಲ್ಲದೆ ಅದನ್ನೇ ತೋರಿಸುತ್ತಿತ್ತು. ದೀಪ ಹಚ್ಚುವ ಹೊತ್ತು. ಪಾಠ ಮುಗಿದು, ಮಕ್ಕಳು ಚಪ್ಪಲಿ ಹುಡುಕಿಕೊಂಡು ಹೊರಗೆ ಬರುವವರೆಗೆ ನಾನು ಆ ಗೋಡೆಯ ಪಕ್ಕದಲ್ಲೇ ನಿಂತಿದ್ದೆ.