ಮರ್ಕ್ಯುರಿ ಮುಚ್ಚಿದ್ದು ಸರಿ, ಲಿಂಕನ್ ಉಳಿಯಬೇಕು

ನಮಸ್ಕಾರ. ಒಂದು ಕಾರ್ ಕಂಪನಿಗೆ ಎಷ್ಟು ಬ್ರ್ಯಾಂಡ್ ಬೇಕು? ಎಲ್ಲರೂ ಕೊಳ್ಳುವಂಥದ್ದು ಒಂದು ಇದ್ದೇ ಇರುತ್ತದೆ. ಅದರ ಮೇಲೆ ಮಧ್ಯಮ ದರ್ಜೆಯದ್ದು ಒಂದು, ಅದರ ಮೇಲೆ ಐಷಾರಾಮಿ ಒಂದು, ಇವೆಲ್ಲ ಬೇಕಾ? ಇವತ್ತು ಅಮೆರಿಕದ ಫೋರ್ಡ್ ಕಂಪನಿಯ ಕಥೆ ಇಟ್ಟುಕೊಂಡು ಮಾತಾಡೋಣ. ಫೋರ್ಡ್‌ಗೆ ಮಧ್ಯದಲ್ಲಿ ಮರ್ಕ್ಯುರಿ ಇತ್ತು, ಮೇಲೆ ಲಿಂಕನ್ ಇದೆ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಮರ್ಕ್ಯುರಿಯನ್ನು ಮುಚ್ಚಿದ್ದು ಸರಿ. ಲಿಂಕನ್ ಉಳಿಯಬೇಕು. ಆದರೆ ಅದಕ್ಕೆ ಅದರದ್ದೇ ಆದ ಕಾರು ಕೊಡುವ ಮನಸ್ಸು ಫೋರ್ಡ್‌ಗೆ ಇರಬೇಕು. ಆ ಮನಸ್ಸಿಲ್ಲದಿದ್ದರೆ ಅದನ್ನೂ ಮುಚ್ಚಲಿ.

ಈ ಮೆಟ್ಟಿಲುಗಳ ಲೆಕ್ಕ ಶುರು ಮಾಡಿದ್ದು ಜನರಲ್ ಮೋಟರ್ಸ್. 1920ರ ದಶಕದಲ್ಲಿ ಅದರ ಮುಖ್ಯಸ್ಥ ಆಲ್ಫ್ರೆಡ್ ಸ್ಲೋನ್ ಪ್ರತಿಯೊಬ್ಬರ ಜೇಬಿಗೂ ಒಂದು ಕಾರು ಅಂತ ಹೊರಟರು. ಮೊದಲ ಕೆಲಸ ಸಿಕ್ಕಾಗ ಷೆವ್ರೊಲೆ. ಸಂಬಳ ಏರಿದರೆ ಪಾಂಟಿಯಾಕ್. ಆಮೇಲೆ ಓಲ್ಡ್ಸ್‌ಮೊಬೀಲ್, ಬ್ಯುಯಿಕ್. ಜೀವನದಲ್ಲಿ ಗೆದ್ದೆ ಅನ್ನಿಸಿದಾಗ ಕ್ಯಾಡಿಲಾಕ್. ಮನುಷ್ಯ ಮೇಲೆ ಹತ್ತುತ್ತಾ ಹೋದರೂ ದುಡ್ಡು ಮಾತ್ರ ಅದೇ ಕಂಪನಿಗೆ ಬರುತ್ತಿತ್ತು.

ಫೋರ್ಡ್ ಹತ್ತಿರ ಈ ಮೆಟ್ಟಿಲುಗಳು ಇರಲಿಲ್ಲ. ಕೆಳಗೆ ಫೋರ್ಡ್. ತುಂಬಾ ಮೇಲೆ ಲಿಂಕನ್, 1922ರಲ್ಲಿ 80 ಲಕ್ಷ ಡಾಲರ್ ಕೊಟ್ಟು ಕೊಂಡದ್ದು. ನಡುವೆ ದೊಡ್ಡ ಖಾಲಿ ಜಾಗ. ಸ್ವಲ್ಪ ದುಡ್ಡು ಕಂಡ ಫೋರ್ಡ್ ಗ್ರಾಹಕ ಸೀದಾ ಪಾಂಟಿಯಾಕ್‌ಗೋ ಬ್ಯುಯಿಕ್‌ಗೋ ಹೋಗುತ್ತಿದ್ದ. ಇದನ್ನು ನೋಡಿ ಹೆನ್ರಿ ಫೋರ್ಡ್ ಅವರ ಮಗ ಎಡ್ಸೆಲ್ ಫೋರ್ಡ್ 1938ರಲ್ಲಿ ಮರ್ಕ್ಯುರಿ ತಂದರು. ಕಾರಣ ನಿಜವಾದದ್ದು. ಕಾರೂ ಚೆನ್ನಾಗಿತ್ತು. 1949ರ ಮರ್ಕ್ಯುರಿಯ ದುಂಡನೆಯ ಮೈಯನ್ನು ಕ್ಯಾಲಿಫೋರ್ನಿಯಾದ ಹುಡುಗರು ಕೊಯ್ದು, ತಗ್ಗಿಸಿ, ಹೊಸ ಬಣ್ಣ ಬಳಿದು ಓಡಿಸುತ್ತಿದ್ದರು. 1967ರ ಮರ್ಕ್ಯುರಿ ಕೂಗರ್, ಫೋರ್ಡ್‌ನ ಮಸ್ಟ್ಯಾಂಗ್ ಮೇಲೆ ಕಟ್ಟಿದ ಕಾರೇ. ಆದರೆ ಅದರ ಉದ್ದ ಬೇರೆ, ಮೈ ಬೇರೆ, ಗತ್ತು ಬೇರೆ. ಮೊದಲ ವರ್ಷವೇ 1.5 ಲಕ್ಷ ಕಾರು ತಯಾರಾಯಿತು.

ಹಾಗಾದರೆ ಮರ್ಕ್ಯುರಿಯನ್ನು ಕೊಂದವರು ಯಾರು? ಹೊರಗಿನವರು ಯಾರೂ ಅಲ್ಲ, ಫೋರ್ಡ್ ಕಂಪನಿಯೇ. ಅದೂ ಎರಡು ಕಡೆಯಿಂದ.

ಒಂದು, ಕೆಳಗಿನಿಂದ. 1965ರ ಮಾಡೆಲ್‌ನಲ್ಲಿ ಫೋರ್ಡ್ ಬ್ರ್ಯಾಂಡ್‌ಗೇ ಎಲ್‌ಟಿಡಿ ಅನ್ನುವ ಕಾರು ಬಂತು. ಒಳಗೆ ಕೂತರೆ ರೋಲ್ಸ್ ರಾಯ್ಸ್‌ಗಿಂತ ಸದ್ದು ಕಡಿಮೆ ಅಂತ ಜಾಹೀರಾತು ಕೊಟ್ಟರು. ಫೋರ್ಡ್ ಕಾರಿನಲ್ಲೇ ಅಷ್ಟು ಸುಖ ಸಿಕ್ಕರೆ ಮರ್ಕ್ಯುರಿ ಶೋರೂಮಿಗೆ ಯಾಕೆ ಹೋಗಬೇಕು? ಇವತ್ತು ಒಂದೇ ಕಾರಿಗೆ ಬೇಸ್ ಮಾಡೆಲ್‌ನಿಂದ ಟಾಪ್ ಎಂಡ್‌ವರೆಗೆ ಸಾಲು ಸಾಲು ವೇರಿಯಂಟ್ ಇರುತ್ತವೆ. ಮಧ್ಯಮ ದರ್ಜೆಯ ಬ್ರ್ಯಾಂಡ್ ಮಾಡುತ್ತಿದ್ದ ಕೆಲಸವನ್ನು ಆ ವೇರಿಯಂಟ್‌ಗಳು ಮಾಡಿ ಮುಗಿಸುತ್ತವೆ.

ಇನ್ನೊಂದು, ಒಳಗಿನಿಂದ. ಖರ್ಚು ಉಳಿಸಲು ಅದೇ ಕಾರಿಗೆ ಬೇರೆ ಗ್ರಿಲ್, ಬೇರೆ ಲೋಗೋ ಹಾಕಿ ಮಾರತೊಡಗಿದರು. ಫೋರ್ಡ್ ಟಾರಸ್ ಅಂದರೆ ಮರ್ಕ್ಯುರಿ ಸೇಬಲ್. ಎಸ್ಕೇಪ್ ಅಂದರೆ ಮ್ಯಾರಿನರ್. ಎಕ್ಸ್‌ಪ್ಲೋರರ್ ಅಂದರೆ ಮೌಂಟನೀರ್. ಫ್ಯೂಷನ್ ಅಂದರೆ ಮಿಲಾನ್. ಮೊದಮೊದಲು ಜನ ಒಪ್ಪಿಕೊಂಡರು. ಆದರೆ ಗ್ರಾಹಕರು ದಡ್ಡರಲ್ಲ. 1978ರಲ್ಲಿ ಮರ್ಕ್ಯುರಿ ವರ್ಷಕ್ಕೆ 5.8 ಲಕ್ಷದಷ್ಟು ಮಾರಾಟವಾಗಿತ್ತು. 2009ರಲ್ಲಿ ಒಂದು ಲಕ್ಷವೂ ಆಗಲಿಲ್ಲ. 2010ರ ಜೂನ್‌ನಲ್ಲಿ ಫೋರ್ಡ್ ಬಾಗಿಲು ಹಾಕುವ ನಿರ್ಧಾರ ಹೇಳಿತು. ಆ ಹೊತ್ತಿಗೆ ಅಮೆರಿಕದ ಮಾರುಕಟ್ಟೆಯಲ್ಲಿ ಮರ್ಕ್ಯುರಿಯ ಪಾಲು ನೂರಕ್ಕೆ ಒಂದಕ್ಕಿಂತ ಕಡಿಮೆ. ಮರ್ಕ್ಯುರಿ ಒಂದನ್ನೇ ಮಾರುವ ಡೀಲರ್ ಒಬ್ಬರೂ ಉಳಿದಿರಲಿಲ್ಲ.

ಮುಚ್ಚಬಾರದಿತ್ತು ಅನ್ನುವವರು ಈಗಲೂ ಇದ್ದಾರೆ. ಅವರ ಪ್ರೀತಿ ನನಗೆ ಅರ್ಥವಾಗುತ್ತದೆ. ಆದರೆ ಅವರು ನೆನೆಯುವುದು 1949ರ ಕಾರನ್ನು, 1967ರ ಕೂಗರನ್ನು. 2010ರಲ್ಲಿ ನಿಂತದ್ದು ಆ ಕಾರುಗಳಲ್ಲ, ಹೆಸರು ಮಾತ್ರ.

ಈಗ ಲಿಂಕನ್ ವಿಷಯಕ್ಕೆ ಬರೋಣ. ನಾನು ಜಾಸ್ತಿ ಹೇಳಬೇಕಾದದ್ದು ಇದನ್ನೇ.

ಲಿಂಕನ್ ಬೇಕಾ ಬೇಡ್ವಾ ಅನ್ನುವುದು ಹೊಸ ಪ್ರಶ್ನೆಯಲ್ಲ. 1958ರಲ್ಲೇ ಫೋರ್ಡ್ ಒಳಗೆ ಈ ಚರ್ಚೆ ಎದ್ದಿತ್ತು. ಆಗಿನ ಲಿಂಕನ್‌ಗಳು ವಿಪರೀತ ದೊಡ್ಡವು, ವಿಪರೀತ ಅಲಂಕಾರ, ಕಂಪನಿಗೆ ಭಾರಿ ನಷ್ಟ. ಲೆಕ್ಕದಲ್ಲಿ ಗಟ್ಟಿಗರಾಗಿದ್ದ ರಾಬರ್ಟ್ ಮೆಕ್‌ನಮಾರ ಇದನ್ನು ಮುಚ್ಚಿಬಿಡೋಣ ಅನ್ನುವ ಕಡೆ ಇದ್ದರು. ಮುಂದೆ ಅಮೆರಿಕದ ರಕ್ಷಣಾ ಕಾರ್ಯದರ್ಶಿ ಆದವರು ಇವರೇ. ಅಷ್ಟರಲ್ಲಿ ಡಿಸೈನ್ ವಿಭಾಗದಲ್ಲಿ ಎಲ್ವುಡ್ ಎಂಗೆಲ್ ಅವರು ಮಾಡಿದ್ದ ಒಂದು ಮಾದರಿ ಅವರ ಕಣ್ಣಿಗೆ ಬಿತ್ತು. ಅದು ಫೋರ್ಡ್ ಥಂಡರ್‌ಬರ್ಡ್‌ಗಾಗಿ ಮಾಡಿದ್ದು. ಇದನ್ನೇ ನಾಲ್ಕು ಬಾಗಿಲಿನ ಲಿಂಕನ್ ಮಾಡಬಹುದಾ ಅಂತ ಮೆಕ್‌ನಮಾರ ಕೇಳಿದರು. ಹಾಗೆ ಬಂದದ್ದೇ 1961ರ ಲಿಂಕನ್ ಕಾಂಟಿನೆಂಟಲ್.

ಹಳೆಯ ಕಾರಿಗಿಂತ ಅದು ಚಿಕ್ಕದು. ಹೊಳೆಯುವ ಕ್ರೋಮ್ ಕಡಿಮೆ. ಹಿಂದಿನ ಬಾಗಿಲುಗಳು ಎದುರು ದಿಕ್ಕಿಗೆ ತೆರೆಯುತ್ತಿದ್ದವು. ಮಾಡಿದ್ದು ಎರಡೇ ಬಗೆ: ಒಂದು ಸೆಡಾನ್, ಒಂದು ಮೇಲ್ಛಾವಣಿ ಮಡಚುವಂಥದ್ದು. ಫ್ಯಾಕ್ಟರಿಯಿಂದ ಹೊರಬಿದ್ದ ಪ್ರತಿ ಕಾರನ್ನೂ 12 ಮೈಲಿ ರಸ್ತೆಯ ಮೇಲೆ ಓಡಿಸಿ ಪರೀಕ್ಷೆ ಮಾಡಿದರು. 2 ವರ್ಷ ಅಥವಾ 24,000 ಮೈಲಿ ವಾರಂಟಿ ಕೊಟ್ಟರು. ಆ ಕಾಲಕ್ಕೆ ಅಮೆರಿಕದ ಕಾರ್ ಕಂಪನಿಗಳಲ್ಲಿ ಅಷ್ಟು ಧೈರ್ಯ ಯಾರಿಗೂ ಇರಲಿಲ್ಲ. ಇವತ್ತಿಗೂ ಲಿಂಕನ್ ಅಂದರೆ ಜನರ ಕಣ್ಣ ಮುಂದೆ ಬರುವುದು ಆ ಕಾರೇ. ಮುಚ್ಚಬೇಕಿದ್ದ ಬ್ರ್ಯಾಂಡನ್ನು ಉಳಿಸಿದ್ದು ಜಾಹೀರಾತಲ್ಲ, ಹಳೆಯ ಹೆಸರಲ್ಲ. ಒಂದು ಒಳ್ಳೆಯ ಕಾರು.

ಆದರೆ ಆ ಪಾಠ ಅಲ್ಲಿ ಜಾಸ್ತಿ ದಿನ ನಿಲ್ಲಲಿಲ್ಲ. 1977ರಲ್ಲಿ ಸಾಧಾರಣ ಫೋರ್ಡ್ ಗ್ರಾನಾಡಾಗೆ ಸಿಂಗಾರ ಮಾಡಿ ಲಿಂಕನ್ ವರ್ಸೇಲ್ಸ್ ಅಂತ ಮಾರಿದರು. ಜನ ಒಪ್ಪಲಿಲ್ಲ. ಕ್ಯಾಡಿಲಾಕ್ ಕೂಡ ಇದೇ ತಪ್ಪು ಮಾಡಿತು. ಷೆವ್ರೊಲೆ ಕ್ಯಾವಲಿಯರ್ ಅನ್ನು 1982ರಲ್ಲಿ ಸಿಮರಾನ್ ಅಂತ ಮಾರಿ ಮರ್ಯಾದೆ ಕಳೆದುಕೊಂಡಿತು.

ಇಲ್ಲಿ ಒಂದು ಮಾತು ಸ್ಪಷ್ಟ ಮಾಡಬೇಕು. ಚಾಸಿ, ಎಂಜಿನ್ ಹಂಚಿಕೊಳ್ಳುವುದೇ ತಪ್ಪು ಅಂತ ನಾನು ಹೇಳುತ್ತಿಲ್ಲ. ಲೆಕ್ಸಸ್ ನೋಡಿ. ಟೊಯೊಟಾ 1989ರಲ್ಲಿ ಲೆಕ್ಸಸ್ ಶುರು ಮಾಡುವಾಗ ಎಲ್‌ಎಸ್ 400 ಕಾರನ್ನು ಹೊಸದಾಗಿಯೇ ಕಟ್ಟಿತು. ಅದಕ್ಕೆ ನೂರು ಕೋಟಿ ಡಾಲರ್‌ಗೂ ಜಾಸ್ತಿ ಸುರಿಯಿತು. ಅದರ ಜೊತೆಗೇ ಬಂದ ಇಎಸ್, ಆಮೇಲೆ ಬಂದ ಆರ್‌ಎಕ್ಸ್ ಎರಡಕ್ಕೂ ತಳಹದಿ ಟೊಯೊಟಾ ಕ್ಯಾಮ್ರಿಯದ್ದೇ. ಆದರೂ ಆರ್‌ಎಕ್ಸ್ ಒಳಗೆ ಕೂತವರಿಗೆ ಕ್ಯಾಮ್ರಿ ನೆನಪಾಗುವುದಿಲ್ಲ. ಒಂದೇ ಹಿಟ್ಟಿನಲ್ಲಿ ದೋಸೆಯೂ ಆಗುತ್ತದೆ, ಪಡ್ಡೂ ಆಗುತ್ತದೆ. ಅದೇ ದೋಸೆಯನ್ನು ಬೆಳ್ಳಿ ತಟ್ಟೆಯಲ್ಲಿಟ್ಟು ಎರಡರಷ್ಟು ದುಡ್ಡು ಕೇಳಿದರೆ ಮಾತ್ರ ಜನರಿಗೆ ಸಿಟ್ಟು ಬರುತ್ತದೆ. ಕೈಗೆ ತಾಗುವುದು, ಕಣ್ಣಿಗೆ ಕಾಣುವುದು, ಕಿವಿಗೆ ಕೇಳುವುದು, ಶೋರೂಮಿನಲ್ಲಿ ಮಾತಾಡಿಸುವ ರೀತಿ, ಇಷ್ಟೂ ಬೇರೆ ಇರಬೇಕು. ಅದಕ್ಕೆ ಖರ್ಚಾಗುತ್ತದೆ. ಆ ಖರ್ಚನ್ನೇ ಫೋರ್ಡ್ ಮತ್ತೆ ಮತ್ತೆ ಉಳಿಸಲು ನೋಡಿತು.

2006ರ ಹೊತ್ತಿಗೆ ಕಂಪನಿ ಎಂಥ ಕಷ್ಟದಲ್ಲಿತ್ತು ಅನ್ನುವುದನ್ನೂ ಹೇಳಬೇಕು, ಇಲ್ಲದಿದ್ದರೆ ಅನ್ಯಾಯ. ಆ ಒಂದೇ ವರ್ಷ 1,200 ಕೋಟಿ ಡಾಲರ್‌ಗೂ ಜಾಸ್ತಿ ನಷ್ಟ. ಹೊಸ ಮುಖ್ಯಸ್ಥ ಅಲನ್ ಮುಲಾಲಿ ಬಂದರು. ಫ್ಯಾಕ್ಟರಿಗಳನ್ನು, ಫೋರ್ಡ್‌ನ ಆ ನೀಲಿ ಲೋಗೋವನ್ನೂ ಅಡ ಇಟ್ಟು 2,300 ಕೋಟಿ ಡಾಲರ್‌ಗೂ ಜಾಸ್ತಿ ಸಾಲ ತಂದರು. ಆಗ ಫೋರ್ಡ್ ಕೈಯಲ್ಲಿ ಬೇರೆ ಐಷಾರಾಮಿ ಬ್ರ್ಯಾಂಡ್‌ಗಳೂ ಇದ್ದವು. ಅವುಗಳಲ್ಲಿ ಆಸ್ಟನ್ ಮಾರ್ಟಿನ್ ಮಾರಿದರು. 2008ರಲ್ಲಿ ಜಾಗ್ವಾರ್ ಮತ್ತು ಲ್ಯಾಂಡ್ ರೋವರ್ ಎರಡನ್ನೂ 230 ಕೋಟಿ ಡಾಲರ್‌ಗೆ ನಮ್ಮ ಟಾಟಾ ಮೋಟರ್ಸ್‌ಗೆ ಕೊಟ್ಟರು. ಫೋರ್ಡ್ ಅವನ್ನು ಕೊಂಡಾಗ ಕೊಟ್ಟಿದ್ದ ಬೆಲೆಯ ಅರ್ಧವೂ ಬರಲಿಲ್ಲ. 2010ರಲ್ಲಿ ವೋಲ್ವೋ ಚೀನಾದ ಜೀಲಿಗೆ ಹೋಯಿತು. ಇದರಿಂದ ಫೋರ್ಡ್ 2009ರಲ್ಲಿ ಜನರಲ್ ಮೋಟರ್ಸ್‌ನಂತೆ ದಿವಾಳಿ ಕೋರ್ಟಿನ ಮೆಟ್ಟಿಲು ಹತ್ತಲಿಲ್ಲ. ಆ ಮಾರಾಟಗಳನ್ನು ನಾನು ತಪ್ಪು ಅನ್ನಲಾರೆ.

ಆದರೆ ಗಮನಿಸಿ. ತಮ್ಮದೇ ಎಂಜಿನಿಯರುಗಳು, ತಮ್ಮದೇ ಸ್ವಭಾವ ಇದ್ದ ಬ್ರ್ಯಾಂಡ್‌ಗಳೆಲ್ಲ ಹೋದವು. ಉಳಿದದ್ದು ಲಿಂಕನ್ ಒಂದೇ. ಹಾಗಿದ್ದ ಮೇಲೆ ಅದಕ್ಕೆ ಜೀವ ತುಂಬಬೇಕಿತ್ತಲ್ವಾ? ಬಂದದ್ದು ಎಂಕೆಎಸ್, ಎಂಕೆಟಿ, ಎಂಕೆಎಕ್ಸ್, ಎಂಕೆಝಡ್. ಯಾವುದು ಯಾವುದೋ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಒಳಗೆ ಫೋರ್ಡ್‌ನ ಟಾರಸ್, ಫ್ಲೆಕ್ಸ್, ಎಡ್ಜ್, ಫ್ಯೂಷನ್. ಕಾಂಟಿನೆಂಟಲ್ ಅನ್ನುವ ದೊಡ್ಡ ಹೆಸರನ್ನು 2017ರ ಮಾಡೆಲ್‌ಗೆ ವಾಪಸ್ ತಂದರು, 2020ರಲ್ಲಿ ನಿಲ್ಲಿಸಿದರು. ಈಗ ಅಮೆರಿಕದಲ್ಲಿ ಲಿಂಕನ್ ಸೆಡಾನ್ ಒಂದೂ ಇಲ್ಲ.

ಹಾಗಂತ ಆಸೆ ಬಿಡುವ ಸ್ಥಿತಿ ಇಲ್ಲ. ಲಿಂಕನ್‌ನ ಈಗಿನ ನಾಟಿಲಸ್ ನೋಡಿ. ಡ್ಯಾಶ್‌ಬೋರ್ಡಿನ ಆ ತುದಿಯಿಂದ ಈ ತುದಿವರೆಗೆ 48 ಇಂಚಿನ ಸ್ಕ್ರೀನ್, ಒಳಗೆ ಶಾಂತ. ಅದರ ಫೋರ್ಡ್ ಜೋಡಿಯಾಗಿದ್ದ ಎಡ್ಜ್ 2024ರಲ್ಲಿ ಅಮೆರಿಕದಲ್ಲಿ ನಿಂತುಹೋಯಿತು. ಅಂದರೆ ಅಲ್ಲಿನ ಫೋರ್ಡ್ ಶೋರೂಮಿನಲ್ಲಿ ಇದರ ಅಗ್ಗದ ತಮ್ಮ ಇಲ್ಲ. ಅದೇ 2024ರಲ್ಲಿ ಲಿಂಕನ್ ಮಾರಾಟ ಅಲ್ಲಿ ಒಂದು ಲಕ್ಷ ದಾಟಿತು. ಲೆಕ್ಸಸ್ ಮೂರು ಲಕ್ಷಕ್ಕೂ ಮೇಲಿದೆ, ನಿಜ. ಆದರೂ ಬೇರೆ ಕಾರು ಕೊಟ್ಟರೆ ಬೇರೆ ಗ್ರಾಹಕ ಬರುತ್ತಾನೆ ಅನ್ನುವುದು ಕಾಣುತ್ತಿದೆ. ಒಂದು ತೊಂದರೆ ಇದೆ, ನಾಟಿಲಸ್ ತಯಾರಾಗುವುದು ಚೀನಾದಲ್ಲಿ. ಸುಂಕದ ಜಗಳ ಜೋರಾದರೆ ಮೊದಲು ಪೆಟ್ಟು ಬೀಳುವುದು ಅದಕ್ಕೇ. ಇದನ್ನು ಫೋರ್ಡ್ ಬೇಗ ಸರಿಮಾಡಬೇಕು.

ಟಾಟಾ ಏನು ಮಾಡಿತು ಅನ್ನುವುದು ಇಲ್ಲಿ ಮುಖ್ಯ. ಫೋರ್ಡ್ ಕೈಯಲ್ಲಿದ್ದಾಗ ಜಾಗ್ವಾರ್ ಎಕ್ಸ್-ಟೈಪ್‌ಗೆ ಸಾಧಾರಣ ಫೋರ್ಡ್ ಮಾಂಡಿಯೊದ ತಳಹದಿ ಕೊಟ್ಟಿದ್ದರು. ಟಾಟಾದಲ್ಲಿ ಹರಿವು ಉಲ್ಟಾ ಆಯಿತು. ಲ್ಯಾಂಡ್ ರೋವರ್‌ನ ಡಿ8 ತಳಹದಿಯಿಂದ ನಮ್ಮ ಹ್ಯಾರಿಯರ್ ಹುಟ್ಟಿತು. ಮೇಲಿನದು ಕೆಳಗೆ ಬಂದರೆ ಕೆಳಗಿನ ಕಾರಿಗೆ ಗೌರವ ಬರುತ್ತದೆ. ಕೆಳಗಿನದನ್ನು ಮೇಲೆ ಒಯ್ದರೆ ಮೇಲಿನದರ ಗೌರವ ಹೋಗುತ್ತದೆ.

ಈಗ ಅದೇ ಟಾಟಾ ಜಾಗ್ವಾರ್‌ನ ಹಳೆಯ ಪೆಟ್ರೋಲ್ ಮಾಡೆಲ್‌ಗಳನ್ನು ನಿಲ್ಲಿಸಿ, ಜಾಗ್ವಾರ್‌ಗೆ ಮಾತ್ರ ಅಂತ ಹೊಸ ಎಲೆಕ್ಟ್ರಿಕ್ ತಳಹದಿ ಕಟ್ಟಿಸಿದೆ. ದೊಡ್ಡ ಜೂಜು ಅದು, ಸೋಲಲೂಬಹುದು. ಆದರೆ ಲಿಂಕನ್‌ಗೆ ನಾನು ಕೇಳುವುದು ಇಂಥದ್ದೇ ಒಂದು ಕಾರನ್ನು. ಅದರಲ್ಲಿ ಹಿಂದೆ ಕೂರುವವರಿಗೆ ಜಾಗ ಇರಬೇಕು, ಕಾಂಟಿನೆಂಟಲ್ ಅನ್ನುವ ಹೆಸರು ಇರಬೇಕು, ಅದರ ಜೋಡಿ ಯಾವ ಫೋರ್ಡ್ ಶೋರೂಮಿನಲ್ಲೂ ಇರಬಾರದು. ಅದಕ್ಕೆ ದುಡ್ಡು ಕೊಡಲ್ಲ ಅಂತ ಆಡಳಿತ ಮಂಡಳಿ ಹೇಳಿದರೆ, ಡೀಲರುಗಳಿಗೆ ಸರಿಯಾದ ಪರಿಹಾರ ಕೊಟ್ಟು ಲಿಂಕನ್ ಬಾಗಿಲನ್ನು ಅದೇ ವರ್ಷ ಹಾಕಲಿ.