ಎಲ್ಲರೂ ಎಲ್ಲರ ಜೊತೆ ಒಂದೊಂದು ಸಲ ಆಡಲಿ

ನಮಸ್ಕಾರ. ಇವತ್ತು ಆಸ್ಟ್ರೇಲಿಯಾದ ರಗ್ಬಿ ಲೀಗ್, ಅಂದರೆ ಎನ್‌ಆರ್‌ಎಲ್ ಬಗ್ಗೆ ಮಾತಾಡೋಣ. ಮೊದಲು ಒಂದು ಲೆಕ್ಕ ನೋಡಿ.

2023ರಲ್ಲಿ ಡಾಲ್ಫಿನ್ಸ್ ಎಂಬ ಹೊಸ ತಂಡ ಬಂದ ಮೇಲೆ ತಂಡಗಳು 17 ಆದವು. ಪ್ರತಿ ತಂಡಕ್ಕೂ 24 ಪಂದ್ಯ, ಎದುರಾಳಿಗಳು 16. ಅಂದರೆ ಎಂಟು ತಂಡಗಳ ಜೊತೆ ಎರಡು ಸಲ, ಉಳಿದ ಎಂಟರ ಜೊತೆ ಒಂದೇ ಸಲ. 2021ರಿಂದ 2024ರವರೆಗೆ ಸತತ ನಾಲ್ಕು ವರ್ಷ ಕಪ್ ಗೆದ್ದ ಪೆನ್ರಿತ್‌ನಂಥ ತಂಡವನ್ನು ಎರಡು ಸಲ ಎದುರಿಸಿದವರೂ, ಒಂದೇ ಸಲಕ್ಕೆ ಬಚಾವಾದವರೂ ಒಂದೇ ಪಾಯಿಂಟ್ ಪಟ್ಟಿಯಲ್ಲಿ ನಿಲ್ಲುತ್ತಾರೆ. ಮೊದಲ ಎಂಟು ತಂಡಗಳಿಗಷ್ಟೇ ಫೈನಲ್ಸ್, ಅಂದರೆ ಕಪ್‌ಗಾಗಿ ಆಡುವ ಕೊನೆಯ ಹಂತ. ಒಂಬತ್ತನೆಯವರಿಗೆ ಇದು ಅನ್ಯಾಯ ಅಲ್ವಾ?

ಇದರ ಮಧ್ಯೆ ಸ್ಟೇಟ್ ಆಫ್ ಒರಿಜಿನ್ ಬರುತ್ತದೆ, ಅಂದರೆ ಆಟಗಾರರು ಕ್ಲಬ್ ಬಿಟ್ಟು ತಮ್ಮ ರಾಜ್ಯದ ಪರ ಆಡುವ ಸರಣಿ. ಕ್ವೀನ್ಸ್‌ಲ್ಯಾಂಡ್, ನ್ಯೂ ಸೌತ್ ವೇಲ್ಸ್ ನಡುವೆ ಮೂರು ಪಂದ್ಯ, ಬುಧವಾರ ರಾತ್ರಿ. ಈ ಆಟದಲ್ಲಿ ಅದಕ್ಕಿಂತ ದೊಡ್ಡ ರಾತ್ರಿ ಇಲ್ಲ. ಆದರೆ 80 ನಿಮಿಷ ಮೈ ಜಜ್ಜಿಕೊಂಡು ಟ್ಯಾಕಲ್ ಮಾಡಿದ ಹುಡುಗ, ಭುಜಕ್ಕೆ ಐಸ್ ಕಟ್ಟಿಕೊಂಡು ಮನೆಗೆ ಹೋಗಿ, ಅದೇ ವಾರದ ಕೊನೆಗೆ ಕ್ಲಬ್ ಪರವಾಗಿ ಮತ್ತೆ ಮೈದಾನಕ್ಕೆ ಇಳಿಯಬೇಕಾಗುತ್ತದೆ. ಅವನು ಕೂತರೆ ಕ್ಲಬ್ ಸೋಲುತ್ತದೆ. ಒಳ್ಳೆ ಆಟಗಾರರನ್ನು ಬೆಳೆಸಿದ ಕ್ಲಬ್ಬಿಗೇ ಪೆಟ್ಟು. ನನಗೆ ತುಂಬಾ ಬೇಜಾರಾಗುವುದು ಇಲ್ಲೇ.

2027ಕ್ಕೆ ಪರ್ತ್, 2028ಕ್ಕೆ ಪಪುವಾ ನ್ಯೂ ಗಿನಿ ಸೇರಿ 19 ತಂಡಗಳಾಗಲಿವೆ. ಬದಲಾಯಿಸಲು ಇದೇ ಸರಿಯಾದ ಸಮಯ. ಎಲ್ಲರೂ ಎಲ್ಲರ ಜೊತೆ ಒಂದೊಂದು ಸಲ ಆಡಲಿ, ತಲಾ 18 ಪಂದ್ಯ. ಈ ವರ್ಷ ನಿಮ್ಮ ಊರಲ್ಲಿ ಆಡಿದರೆ ಮುಂದಿನ ವರ್ಷ ಅವರ ಊರಲ್ಲಿ. ಒರಿಜಿನ್‌ನ ಮೂರೂ ವಾರ ಕ್ಲಬ್ ಪಂದ್ಯ ಬೇಡವೇ ಬೇಡ.

ದುಡ್ಡಿನ ಪ್ರಶ್ನೆ ಇದೆ, ಒಪ್ಪುತ್ತೇನೆ. ಈಗ ಲೀಗ್ ಹಂತದಲ್ಲಿ 204 ಪಂದ್ಯ, ಆಗ 171. ಟಿವಿಯವರು ಸುಮ್ನೆ ಬಿಡುವುದಿಲ್ಲ. ಪ್ರತಿ ಕ್ಲಬ್ಬಿಗೂ ತವರಿನ ಪಂದ್ಯ 12ರಿಂದ ಒಂಬತ್ತಕ್ಕೆ ಇಳಿಯುತ್ತದೆ, ಟಿಕೆಟ್ ಹಣವೂ ಕಮ್ಮಿಯಾಗುತ್ತದೆ. ಆ ಖಾಲಿ ವಾರಗಳನ್ನು ಟೋಂಗಾ, ಸಮೋವಾ, ಫಿಜಿಯಂಥ ಪೆಸಿಫಿಕ್ ದ್ವೀಪ ದೇಶಗಳ ಪಂದ್ಯಗಳಿಗೆ ಕೊಡಿ. 2019ರಲ್ಲಿ ಟೋಂಗಾ ಆಸ್ಟ್ರೇಲಿಯಾವನ್ನೇ ಸೋಲಿಸಿತು. 2022ರಲ್ಲಿ ಸಮೋವಾ ವಿಶ್ವಕಪ್ ಫೈನಲ್ ಮುಟ್ಟಿತು. ಈ ದೇಶಗಳ ಆಟಗಾರರಲ್ಲಿ ಬಹುಪಾಲು ಎನ್‌ಆರ್‌ಎಲ್ ಕ್ಲಬ್ಬುಗಳವರೇ. ಆದರೂ ಅವರ ದೇಶದ ಪಂದ್ಯಗಳು ಹೆಚ್ಚಾಗಿ ಸೀಸನ್ ಮುಗಿದು, ಮೈ ಸೋತ ಮೇಲೆ ಬರುತ್ತವೆ. 2018ರಲ್ಲಿ ಒಂದು ಒರಿಜಿನ್ ಪಂದ್ಯವನ್ನು ಭಾನುವಾರಕ್ಕೆ ಇಟ್ಟು, ಹಿಂದಿನ ದಿನ ಟೋಂಗಾ, ಸಮೋವಾವನ್ನು ಸಿಡ್ನಿಯಲ್ಲೇ ಆಡಿಸಿದ್ದರು. ಅಂಥ ವಾರಾಂತ್ಯ ವರ್ಷಕ್ಕೆ ಮೂರು ಬೇಕು.